ಉಪದೇಶಿ ಹಾಕಿದ ಸೊಪ್ಪು

ಶಿಕಾರಿಪುರದ ಕ್ರೈಸ್ತರ ಪ್ರಾರ್ಥನಾ ಮನೆಯ ಉಪದೇಶಿ ಆಶೀರ್ವಾದಪ್ಪ ಹೆದರಿಕೆಯ ವಿಷಯ ತೆಗೆದುಕೊಂಡು ಪ್ರಸಂಗ ಮಾಡಿದನೆಂದರೆ ಕೇಳುವವರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ದೇವರನ್ನು ನಂಬಿದವನ ಹತ್ತಿರ ಹೆದರಿಕೆ ಸುಳಿಯುವುದಿಲ್ಲ, ಸುಳಿಯಿತೆಂದರೆ ಅವನ ನಂಬಿಕೆಯಲ್ಲಿ ಎಲ್ಲೋ ತೂತು ಬಿದ್ದಿದೆ ಎಂದು ಅವನು ಬೆರಳೆತ್ತಿ ಹೇಳುವಾಗ ಚಾಪೆಯ ಮೇಲೆ ಕೂತ ಹೆಂಗಸರು ತಮ್ಮನ್ನೇ ಕುರಿತು ಹೇಳಿದನೇನೋ ಎಂದು ತಲೆ ತಗ್ಗಿಸುತ್ತಿದ್ದರು. ಅದೇ ಆಶೀರ್ವಾದಪ್ಪ ಹಾಡುಹಗಲು ಹಿತ್ತಲಿಗೆ ಹೋಗಬೇಕಾದರೂ ಹಾವಿಗೆ ಹೆದರಿ ನೆಲಕ್ಕೆ ಕೋಲು ಕುಟ್ಟಿಕೊಂಡು ಹೋಗುತ್ತಾನೆ, ಗುಡುಗಿದರೆ ಕಂಬಳಿ ಹುಡುಕುತ್ತಾನೆ ಎನ್ನುವುದು ಅವನ ಹೆಂಡತಿ ಮಾರ್ಥಮ್ಮನಿಗೆ ಮಾತ್ರ ಗೊತ್ತಿತ್ತು. ಅವಳು ಪುಣ್ಯಾತ್ಗಿತ್ತಿ, ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅದು ಐವತ್ತೆಂಟನೆಯ ಇಸವಿಯ ಬೇಸಗೆ. ಸೊರಬದ ಕಡೆಯ ಕಾಡುಗಳಲ್ಲಿ ಮಂಗಗಳು ಸಾಯುತ್ತಿದ್ದವು. ಹಿಂದಿನ ವರ್ಷವೇ ಶುರುವಾಗಿದ್ದ ಕಾಟ ಅದು. ಸೌದೆಗೆಂದು, ಸೊಪ್ಪಿಗೆಂದು ಕಾಡು ಹೊಕ್ಕವರಿಗೆ ಜ್ವರ ಹಿಡಿಯುತ್ತಿತ್ತು, ಮೈಯೆಲ್ಲ ಮುರಿದು ಹಾಕಿದಂಥ ನೋವು, ಆಮೇಲೆ ಮೂಗಲ್ಲಿ ಬಾಯಲ್ಲಿ ರಕ್ತ. ಕೆಲವರು ಎದ್ದರು, ಕೆಲವರು ಏಳಲಿಲ್ಲ. ಗಾಳಿ ಕೆಟ್ಟಿದೆ ಎಂದರು ಒಬ್ಬರು, ನೀರು ಕೆಟ್ಟಿದೆ ಎಂದರು ಇನ್ನೊಬ್ಬರು, ಅಮ್ಮ ಮುನಿದಿದ್ದಾಳೆ ಎಂದರು ಬಹಳ ಜನ. ಪೂನಾದಿಂದ ಬಂದ ಡಾಕ್ಟರುಗಳು ಸತ್ತ ಮಂಗಗಳನ್ನು ಜೋಪಾನವಾಗಿ ಕಟ್ಟಿಕೊಂಡು ಹೋದರಂತೆ, ಏನೂ ಹೇಳಲಿಲ್ಲವಂತೆ. ಓದಿದವರೇ ಬಾಯಿ ಮುಚ್ಚಿಕೊಂಡು ಹೋದದ್ದು ಜನಕ್ಕೆ ಜ್ವರಕ್ಕಿಂತ ಹೆಚ್ಚು ಭಯ ಹುಟ್ಟಿಸಿತ್ತು.

ಒಂದು ಭಾನುವಾರ ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಮೆಟ್ಟುತ್ತಿದ್ದಾಗ ಸೊರಬದ ಬಸ್ಸಿನ ಕಂಡಕ್ಟರ್ ಬಂಗಾರಪ್ಪ ಬಾಗಿಲಲ್ಲಿ ಬಂದು ನಿಂತ. ಆ ಕಡೆಯ ಹಳ್ಳಿಗಳವರು ಯಾರಿಗೆ ಏನು ಹೇಳಿ ಕಳಿಸಬೇಕಾದರೂ ಬಂಗಾರಪ್ಪನ ಬಾಯಿಗೇ ಹಾಕುತ್ತಿದ್ದರು.

"ಉಪದೇಶಿಗಳೆ, ಬಿದಿರಕೊಪ್ಪದ ಹೂವಪ್ಪ ಹೇಳಿ ಕಳಿಸ್ಯಾನ್ರೀ. ಹೆಂಡ್ತಿಗೆ ಆ ಜ್ವರ ಬಂದೈತಂತೆ. ನೀವು ಬಂದ್ರೇನೇ ಮುಂದಿನ ಕೆಲ್ಸ ಅಂತೆ. ಅದೇನು ಕೆಲ್ಸ ಅಂತ ಅವ್ನು ಹೇಳ್ಲಿಲ್ಲ, ನಾ ಕೇಳ್ಲಿಲ್ಲ."

ಆಶೀರ್ವಾದಪ್ಪ ಮೆಟ್ಟಿದ್ದ ಚಪ್ಪಲಿಯನ್ನು ಮತ್ತೆ ಬಿಟ್ಟ.

ಹೂವಪ್ಪ ಎರಡು ವರ್ಷದ ಹಿಂದೆ ಶಿಕಾರಿಪುರದ ಕಡೆ ಆಲೆಮನೆಗೆ ಕಬ್ಬು ಅರೆಯುವ ಕೆಲಸಕ್ಕೆ ಬಂದವನು. ಪ್ರಾರ್ಥನಾ ಮನೆಯಲ್ಲಿ ಹಾಡುವುದನ್ನು ಕೇಳಿ ಬಾಗಿಲ ಹೊರಗೆ ನಿಂತ, ಆಮೇಲೆ ಒಳಗೆ ಬಂದು ಮೂಲೆಯಲ್ಲಿ ಕೂತ, ಆಮೇಲೆ ಹೆಂಡತಿ ಗುಡ್ಡಮ್ಮನನ್ನೂ ಕರೆದುಕೊಂಡು ಬಂದ. ಹಿಂದಿನ ವರ್ಷ ಇಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡಿದ್ದರು. ಊರವರು ಅವರನ್ನು ದೂರ ಮಾಡಲಿಲ್ಲ, ಮೂದಲಿಸಲಿಲ್ಲ, ಅವನ ಪಾಡು ಅವನಿಗೆ ಎಂದು ಸುಮ್ಮನಿದ್ದರು. ತಕರಾರು ಇದ್ದದ್ದು ಒಂದೇ ವಿಷಯಕ್ಕೆ, ಸೊಪ್ಪಿನ ಚೌಡಿಗೆ.

ಉಳವಿಯ ಟಾರು ರಸ್ತೆಯಿಂದ ಬಿದಿರಕೊಪ್ಪಕ್ಕೆ ಹೋಗುವ ಗಾಡಿದಾರಿ ದಟ್ಟ ಕಾನಿನೊಳಗೆ ಹಾದು ಹೋಗುತ್ತದೆ. ನಡುದಾರಿಯಲ್ಲಿ ಒಂದು ಮತ್ತಿಮರ, ಅದರ ಬುಡದಲ್ಲಿ ಚೌಡಿಯ ಕಲ್ಲು. ಗುಡಿಯಿಲ್ಲ, ಪೂಜಾರಿಯಿಲ್ಲ, ಕಾಯಿ ಕರ್ಪೂರ ಬೇಕಿಲ್ಲ. ಹಾದು ಹೋಗುವವರು ಪಕ್ಕದ ಗಿಡದಿಂದ ಒಂದು ಹಿಡಿ ಹಸಿ ಸೊಪ್ಪು ಮುರಿದು ಆ ಕಲ್ಲಿನ ಮೇಲೆ ಹಾಕಬೇಕು, ಅಷ್ಟೇ. ಮದುವೆ ದಿಬ್ಬಣವಾದರೂ ನಿಲ್ಲುತ್ತದೆ, ಅಮಲ್ದಾರರ ಜೀಪಾದರೂ ನಿಲ್ಲುತ್ತದೆ. ಆಶೀರ್ವಾದಪ್ಪ ದೀಕ್ಷಾಸ್ನಾನದ ದಿನ ಹೂವಪ್ಪನಿಗೆ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ, ಇನ್ನು ಮೇಲೆ ಸೊಪ್ಪು ಹಾಕಕೂಡದು, ಹಾಕಿದರೆ ನಂಬಿಕೆ ಸುಳ್ಳು ಎಂದು. ಹೇಳುವುದಕ್ಕೆ ಅವನಿಗೆ ಕಷ್ಟವೇನಾಗಿರಲಿಲ್ಲ. ತಿಂಗಳಿಗೊಮ್ಮೆ ಗಂಡ ಹೆಂಡತಿ ಇಬ್ಬರೂ ಅವರಾಗಿಯೇ ಶಿಕಾರಿಪುರಕ್ಕೆ ಬರುತ್ತಿದ್ದರು, ಆ ಕಾನಿನ ದಾರಿಯಲ್ಲಿ ಅವನು ಒಂದು ದಿನವೂ ನಡೆದಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಡಬಹುದಿತ್ತು. ಆಶೀರ್ವಾದಪ್ಪ ಊಟಕ್ಕೆ ಕೂತು ಅನ್ನವನ್ನು ಹತ್ತು ಸಲ ಕಲಸಿದ. ಉಂಡ ಮೇಲೆ ಪ್ರಾರ್ಥನೆಗೆಂದು ಕೋಣೆಗೆ ಹೋಗಿ ಮೊಣಕಾಲೂರಿದ. ಸ್ವಾಮೀ, ಹೋಗು ಅನ್ನುವುದಾದರೆ ಮೊದಲು ಈ ಹೆದರಿಕೆಯನ್ನು ತೆಗೆ, ಹೆದರಿಕೆ ಹೋಯಿತು ಎಂದರೆ ನೀನು ಹೋಗು ಎಂದಂತೆ ತಿಳಿದುಕೊಳ್ಳುತ್ತೇನೆ ಎಂದು ಕರಾರು ಮಾಡಿದ. ಹೆದರಿಕೆ ಕದಲಲಿಲ್ಲ. ಹಾಗಾದರೆ ಹೋಗಬೇಡ ಅಂತಲೋ? ಅಥವಾ ತನ್ನ ನಂಬಿಕೆಯಲ್ಲಿಯೇ ತೂತು ಬಿದ್ದಿದೆ ಅಂತಲೋ? ಅದೂ ಗೊತ್ತಾಗದೆ ಮೊಣಕಾಲು ನೋಯುವ ತನಕ ಅಲ್ಲೇ ಇದ್ದ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಬಸ್ಸು ಹೋತು ನೋಡ್ರಿ," ಎಂದಳು ಮಾರ್ಥಮ್ಮ ಹೊರಗಿನಿಂದ.

"ಪ್ರಾರ್ಥನೆ ನಡುವೆ ಎದ್ದು ಹೋಗೋಕೆ ಆಗ್ತದೇನೆ?"

"ನಾನೇನಂದೆ ಈಗ? ಬಸ್ಸು ಹೋತು ಅಂದೆ, ಅಷ್ಟ." ಅವಳು ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ನನಗೂ ನೀವು ಹೋಗೋದು ಮನಸ್ಸಿಲ್ರೀ. ಆದ್ರ ಆ ಹುಡುಗಿ ಹೋದ ತಿಂಗ್ಳು ಇಲ್ಲೇ ಕೂತು ನನ್ನ ಜೋಡಿ ಅಕ್ಕಿ ಆರಿಸ್ಯಾಳ. ನಾಳೆ ಮುಂಜಾನಿ ಬಸ್ಸಿಗೆ ಹೋಗ್ರಿ. ರೊಟ್ಟಿ ಕಟ್ಟಿಕೊಡ್ತೀನಿ."

ಸೋಮವಾರ ಬೆಳಿಗ್ಗೆ ಅವನು ಬಸ್ಸು ಹತ್ತಿದ. ದಾರಿಯಲ್ಲಿ ಬಸ್ಸು ಕೆಟ್ಟು ನಿಲ್ಲಲಿ ಎಂದು ಒಳಗೊಳಗೇ ಹಾರೈಸಿದ, ಅದು ಪ್ರಾರ್ಥನೆಯಾಗಿಬಿಡುತ್ತದೋ ಎಂದು ಗಾಬರಿಯಾಗಿ ಹಿಂದಕ್ಕೆ ತೆಗೆದುಕೊಂಡ, ಮತ್ತೆ ಹಾರೈಸಿದ. ವಾರಕ್ಕೆರಡು ಸಲ ಕೆಡುವ ಬಸ್ಸು ಅವತ್ತು ಎಣ್ಣೆ ಹಾಕಿದ ಗಾಣದಂತೆ ನಡೆಯಿತು. ಸೊರಬದಲ್ಲಿ ಬಸ್ಸು ಬದಲಿಸಿದರೆ ಅದೂ ತಕ್ಷಣ ಸಿಕ್ಕಿತು. ಉಳವಿಯಲ್ಲಿ ಇಳಿದಾಗ ಬಿಸಿಲು ಏರುತ್ತಿತ್ತು. ಅಂಗಡಿಯವನೊಬ್ಬ ದಾರಿ ತೋರಿಸಿ, "ಆ ಕಡೆ ಯಾರೂ ಹೋಗ್ತಿಲ್ಲ ಈಗ. ನೀವು ಡಾಕ್ಟ್ರಾ?" ಎಂದು ಕೇಳಿದ. ಅಲ್ಲ ಎಂದಾಗ ಅವನು ಇವನನ್ನು ಅಡಿಯಿಂದ ಮುಡಿಯ ತನಕ ನೋಡಿ ಬೀಡಿ ಕಟ್ಟುವುದಕ್ಕೆ ತಿರುಗಿದ.

ಕಾನಿನೊಳಗೆ ಬಿಸಿಲು ಬೀಳುತ್ತಿರಲಿಲ್ಲ. ಆಶೀರ್ವಾದಪ್ಪನಿಗೆ ಕಂಠಪಾಠವಾಗಿದ್ದ ಬೈಬಲ್ಲಿನ ವಾಕ್ಯಗಳು ನೂರಾರು. ಒಂದನ್ನು ಶುರುಮಾಡಿದ, ನಡುವೆ ಮರೆಯಿತು. ಇನ್ನೊಂದನ್ನು ಹಿಡಿದ, ಅದು ಮೊದಲಿನದರ ಬಾಲಕ್ಕೆ ಹೋಗಿ ಸೇರಿಕೊಂಡಿತು. ಅವನ ಮನೆಯವರು ಅಜ್ಜನ ಕಾಲದಿಂದ ಕ್ರೈಸ್ತರು. ಆದರೆ ಅವನನ್ನು ಸಾಕಿದ ಅಜ್ಜಿ ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತ, ಮನೆಗೆ ಬಂದ ಮೇಲೆ ಮೊಮ್ಮಗನ ದೃಷ್ಟಿ ತೆಗೆದು ಒಲೆಗೆ ಮೆಣಸಿನಕಾಯಿ ಹಾಕುತ್ತಿದ್ದವಳು. ಕಾಡಿನ ದೇವರುಗಳ ಕಥೆಯನ್ನು ಅವಳಷ್ಟು ಚೆನ್ನಾಗಿ ಯಾರೂ ಹೇಳುತ್ತಿರಲಿಲ್ಲ. ಆ ಕಥೆಗಳು ಇಷ್ಟು ವರ್ಷ ಎಲ್ಲಿದ್ದವೋ, ಈಗ ಒಂದೊಂದಾಗಿ ಎದ್ದು ಬಂದವು.

ಮೊದಲು ನಾತ ಬಂತು. ಆಮೇಲೆ ದಾರಿಯ ಅಂಚಿನಲ್ಲಿ ಮಂಗ ಕಾಣಿಸಿತು, ಸತ್ತು ಒಂದೆರಡು ದಿನವಾಗಿರಬೇಕು, ಕೈ ಎರಡೂ ಮುಂದಕ್ಕೆ ಚಾಚಿ ಮಗುವಿನಂತೆ ಮಲಗಿತ್ತು. ಪಕ್ಕಕ್ಕೆ ಸರಿದು ಹಾರುವಂತೆ ಮುಂದೆ ಹೋದರೆ ಎದುರಿಗೇ ಮತ್ತಿಮರ. ಬುಡದಲ್ಲಿ ಸೊಪ್ಪಿನ ರಾಶಿ, ಮೇಲೆ ಹಸಿರು, ಕೆಳಗೆ ಒಣಗಿದ್ದು, ಅದರ ಕೆಳಗೆ ಕರಗಿ ಗೊಬ್ಬರವಾದದ್ದು. ಎಷ್ಟು ತಲೆಮಾರಿನ ಜನ ಹಾಕಿದ್ದೋ ಏನೋ! ಆಶೀರ್ವಾದಪ್ಪ ನಿಂತುಬಿಟ್ಟ. ಹಿಂದೆ ಮಂಗ, ಮುಂದೆ ಚೌಡಿ, ಸುತ್ತ ಒಂದು ಹಕ್ಕಿಯ ದನಿಯೂ ಇಲ್ಲ. ಅವನ ಕೈ ಪಕ್ಕದ ಗಿಡಕ್ಕೆ ಹೋಯಿತು, ಒಂದು ಎಳೆ ಸೊಪ್ಪಿನ ಕೊನೆ ಮುರಿಯಿತು, ಕಲ್ಲಿನ ಮೇಲೆ ಇಟ್ಟಿತು. ಎಲ್ಲ ಮುಗಿದ ಮೇಲೆ ಅವನಿಗೆ ತಾನೇನು ಮಾಡಿದೆ ಎಂದು ತಿಳಿಯಿತು.

ಅಯ್ಯೋ ದೇವರೇ ಎಂದು ಸೊಪ್ಪನ್ನು ಮತ್ತೆ ತೆಗೆಯಲು ಬಗ್ಗಿದ. ಹಾಕದೆ ಹೋಗುವುದು ಒಂದು, ಹಾಕಿದ್ದನ್ನು ತೆಗೆದುಕೊಂಡು ಹೋಗುವುದು ಇನ್ನೊಂದು. ಹಾಗೆ ಮಾಡಿದವನನ್ನು ಈಯಮ್ಮ ಬಿಟ್ಟಾಳೆಯೇ? ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಆ ಯೋಚನೆ ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಹಾಕಿದ್ದು ಪಾಪವೋ, ತೆಗೆಯದೆ ಇದ್ದದ್ದು ಪಾಪವೋ, ತೆಗೆಯುವುದಕ್ಕೆ ಹೆದರಿದ್ದು ಎಲ್ಲಕ್ಕಿಂತ ದೊಡ್ಡ ಪಾಪವೋ? ತಲೆ ಕೆಟ್ಟು ಹೋಯಿತು. ಯಾರೂ ನೋಡಲಿಲ್ಲವಲ್ಲ ಎಂದು ಆಚೀಚೆ ಕಣ್ಣಾಡಿಸಿ, ಓಡಿದನೋ ನಡೆದನೋ, ಅಂತೂ ಕಾನಿನ ಆಚೆ ಬಂದ.

ಬಿದಿರಕೊಪ್ಪದಲ್ಲಿ ಇದ್ದವೇ ಏಳೆಂಟು ಮನೆ. ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು, ಜನ ಜ್ವರಕ್ಕೆ ಹೆದರಿ ನೆಂಟರ ಊರುಗಳಿಗೆ ಹೋಗಿದ್ದರು. ಹೂವಪ್ಪ ಅಂಗಳದಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದವನು ಉಪದೇಶಿಯನ್ನು ಕಂಡು ಎದ್ದು ಬಂದ. ಮೂರ್ನಾಲ್ಕು ದಿನದಿಂದ ನಿದ್ದೆಗೆಟ್ಟ ಮುಖ.

"ಬಂದ್ರಾ ಅಯ್ಯೋರೆ? ನಿನ್ನೆನೇ ಬರ್ತೀರೇನೋ ಅಂತ ಉಳವಿ ತಂಕ ಹೋಗಿ ಕಾದಿದ್ದೆ."

ಆಶೀರ್ವಾದಪ್ಪ ಅವನ ಮುಖ ನೋಡದೆ ಮನೆಯ ಕಡೆ ನಡೆದ.

ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದ. ಗುಡ್ಡಮ್ಮ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸದ್ದಿಗೆ ಒಮ್ಮೆ ಈಚೆ ತಿರುಗಿದಾಗ ಕಂಡಿತು, ಕಣ್ಣು ಕೆಂಡದಂತೆ ಕೆಂಪಾಗಿತ್ತು, ಒಸಡಿನಲ್ಲಿ ರಕ್ತ ಒಸರುತ್ತಿತ್ತು, ತಲೆದಿಂಬಿನ ಮೇಲೂ ಅದರ ಕಲೆ. ಒಳಗೆ ಹೋಗಬೇಕು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಬೇಕು. ಪದ್ಧತಿ ಅದು. ಅವನ ಕಾಲು ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಕಣ್ಣು ಮುಚ್ಚಿ ನಾಲ್ಕು ಮಾತು ಹೇಳಿ ಆಮೆನ್ ಅಂದ. ಒಳಗಿನಿಂದ ಆಮೆನ್ ಬರಲಿಲ್ಲ.

"ಆಸ್ಪತ್ರೆಗೆ ಯಾಕೆ ಕರ್ಕಂಡು ಹೋಗಲಿಲ್ಲ?" ಎಂದು ಕೇಳಿದ. "ಸೊರಬದ ಆಸ್ಪತ್ರೇಲಿ ಒಬ್ಬಿಬ್ರು ಉಳಿದಿದಾರೆ ಅಂತ ಬಸ್ಸಲ್ಲಿ ಹೇಳ್ತಿದ್ರಲ್ಲ."

"ಅದ್ಕೇ ನಿಮ್ಮನ್ನ ಕರ್ಸಿದ್ದು," ಎಂದ ಹೂವಪ್ಪ. "ನಡಿಯೋಕಾಗಲ್ಲ ಅವ್ಳಿಗೆ. ಗಾಡಿ ಇರೋದು ಜಟ್ಟಪ್ಪಣ್ಣಂದೊಂದೇ. ಅವ್ನು ಕೊಡಲ್ಲ ಅನ್ನಲ್ಲ. ಆದ್ರೆ…"

ಜಟ್ಟಪ್ಪ ಎದುರು ಮನೆಯ ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಐವತ್ತು ದಾಟಿದ ಗಟ್ಟಿ ಆಳು. ಎದ್ದು ಅಂಗಳದ ಅಂಚಿನ ತನಕ ಬಂದು, ಅಲ್ಲಿಂದ ಈಚೆ ಬರದೆ ನಿಂತ.

"ನಾನೇ ಹೇಳ್ತೀನಿ ಮೇಷ್ಟ್ರೆ," ಎಂದ. ಪುಸ್ತಕ ಹಿಡಿದವರೆಲ್ಲ ಅವನಿಗೆ ಮೇಷ್ಟ್ರೇ. "ಹೂವ ನಂಗೆ ಬ್ಯಾರೆ ಅಲ್ಲ, ನನ್ ಎದುರೇ ಬೆಳ್ದೋನು. ನಾನು ಕೇಳಿದ್ದು ಒಂದೇ. ಹೋಗ್ತಾ ಚೌಡಿಗೆ ಒಂದು ಕೊನೆ ಸೊಪ್ಪು ಹಾಕ್ಬುಡು, ಗಾಡಿ ಕಟ್ತೀನಿ ಅಂತ. ಒಂದು ವರ್ಷದಿಂದ ಇವ್ರಿಬ್ರೂ ಹಾಕಿಲ್ಲ. ಅಮ್ಮ ಮುನ್ಸ್ಕಂಡೋರನ್ನ ಗಾಡೀಲಿ ಹೊತ್ಕಂಡು ಅವಳ ಮುಂದೇನೇ ಹೊಡ್ಕಂಡು ಹೋದ್ರೆ, ನನ್ನೆತ್ತಿಗೆ ಏನಾದ್ರೂ ಆದ್ರೆ ಎಂತ ಮಾಡ್ಲಿ? ನೀವೇ ಹೇಳಿ. ಒಂದು ಕೊನೆ ಸೊಪ್ಪು. ಅದ್ಕೂ ಇವ್ನು ಅಯ್ಯೋರು ಬರ್ಲಿ, ಅಯ್ಯೋರು ಬರ್ಲಿ ಅಂತ ಕೂತ."

ಹೂವಪ್ಪ ಉಪದೇಶಿಯ ಮುಂದೆ ಕೈಕಟ್ಟಿ ನಿಂತ. "ಹೌದು ಅಯ್ಯೋರೆ. ಹಾಕ್ಬ್ಯಾಡ ಅಂದೋರು ನೀವು. ಹಾಕು ಅಂದ್ರೆ ಈಗ್ಲೇ ಓಡಿ ಹೋಗಿ ಹಾಕ್ತೀನಿ. ಬ್ಯಾಡ ಅಂದ್ರೆ ಇವ್ಳು ಸತ್ರೂ ಹಾಕಲ್ಲ. ನೀವು ಹೇಳ್ದಂಗೆ."

ಆಶೀರ್ವಾದಪ್ಪನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಹಾಕು ಎಂದರೆ ಇಷ್ಟು ವರ್ಷ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಬೇಡ ಎಂದರೆ ಒಳಗೆ ಒಂದು ಜೀವ ಹೋಗುತ್ತದೆ, ಅದೂ ಯಾರ ಮಾತಿಗೆ? ಈಗಷ್ಟೇ ತನ್ನ ಕೈಯಾರೆ ಸೊಪ್ಪು ಹಾಕಿ ಬಂದವನ ಮಾತಿಗೆ. ಸ್ವಾಮೀ, ಏನಾದರೂ ಹೇಳು ಎಂದು ಒಳಗೇ ಕೂಗಿಕೊಂಡ. ಸ್ವಾಮಿ ಏನೂ ಹೇಳಲಿಲ್ಲ. ಗುಡ್ಡಮ್ಮ ಒಳಗೆ ನರಳಿದಳು, ನೀರು ಅಂದಳೋ, ಅವ್ವ ಅಂದಳೋ. ಆ ನರಳುವಿಕೆ ಕೇಳಿ ಅವನಿಗೆ ಅಳು ಬಂತು. ಭಾನುವಾರ ಬಂದಿದ್ದರೆ ಒಂದು ರಾತ್ರಿಯಾದರೂ ಉಳಿಯುತ್ತಿತ್ತು.

"ನಾನು ಹಾಕಿ ಬಂದೆ," ಎಂದ.

"ಎಂತ ಹಾಕಿದ್ರಿ?" ಎಂದ ಜಟ್ಟಪ್ಪ.

"ಸೊಪ್ಪು. ಈಗ ಬರ್ತಾ. ಚೌಡಿ ಕಲ್ಲಿನ ಮೇಲೆ."

ಹೂವಪ್ಪ ಕಟ್ಟಿದ ಕೈಯನ್ನು ಬಿಚ್ಚಿದ. ಜಟ್ಟಪ್ಪ ನಗುತ್ತಾನೆ ಎಂದು ಆಶೀರ್ವಾದಪ್ಪ ಎಣಿಸಿದ್ದ, ಜಟ್ಟಪ್ಪ ನಗಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡು, "ನೀವಾ?" ಎಂದು ಮಾತ್ರ ಕೇಳಿದ.

"ನಾನೇ. ಭಕ್ತಿಯಿಂದ ಹಾಕಲಿಲ್ಲಪ್ಪ, ಹೆದರಿ ಹಾಕಿದೆ. ಭಕ್ತಿಯಿಂದ ಹಾಕೋರು ಬೇರೆ, ನಿನ್ನಂಥೋರು. ನಾನು ಹೆದರುಪುಕ್ಕಲ. ನಿನ್ನೆ ಬಸ್ಸು ಬಿಟ್ಟದ್ದೂ ಹೆದರಿ. ಈಗ ಹೊಸ್ತಿಲಲ್ಲಿ ನಿಂತು ಪ್ರಾರ್ಥನೆ ಮಾಡಿದೆನಲ್ಲ, ಅದೂ ಹೆದರಿಯೇ." ಮಾತು ಶುರುವಾದ ಮೇಲೆ ಅವನಿಗೆ ನಿಲ್ಲಿಸಲು ಬರಲಿಲ್ಲ. "ಹೂವಪ್ಪ, ನೀನು ಹಾಕಬೇಕೋ ಬೇಡವೋ ನನ್ನನ್ನ ಕೇಳಬೇಡ. ನಿನಗೆ ಹೇಳೋ ಯೋಗ್ಯತೆ ನನಗಿಲ್ಲ. ನನಗೆ ಗೊತ್ತಿರೋದು ಇಷ್ಟೇ, ದೇವರು ಇವಳನ್ನ ಹೀಗೆ ಬಿಟ್ಟು ಮಾತಾಡ್ತಾ ನಿಂತ್ಕೋ ಅನ್ನೋದಿಲ್ಲ. ಮನೇಲಿ ಗಟ್ಟಿ ಗಳು ಇದೆಯಾ? ಕಂಬಳಿ ಇದೆಯಾ?"

ಕೇಳಿದ್ದು ತಾನೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ. ಹೂವಪ್ಪ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದ, ಆ ನೋಟದಲ್ಲಿ ಸಿಟ್ಟಿತ್ತೋ ಕನಿಕರವಿತ್ತೋ ಆಶೀರ್ವಾದಪ್ಪನಿಗೆ ಬಗೆಹರಿಯಲಿಲ್ಲ. ಕೊನೆಗೆ ಹೂವಪ್ಪ ಹಿತ್ತಲಿಗೆ ಹೋಗಿ ಬಿದಿರ ಗಳು ತಂದ. ಇಬ್ಬರೂ ಕಂಬಳಿಯ ತುದಿಗಳನ್ನು ಗಳುವಿಗೆ ಬಿಗಿದು ಜೋಲಿ ಕಟ್ಟಿದರು. ಆಮೇಲೆ ಆಶೀರ್ವಾದಪ್ಪ ಹೊಸ್ತಿಲು ದಾಟಿದ. ಗುಡ್ಡಮ್ಮನ ಕಂಕುಳಿಗೆ ಕೈ ಹಾಕಿ ಎತ್ತಿದಾಗ ಅವಳ ಮೈ ಕಾದ ಹಂಚಿನಂತೆ ಸುಟ್ಟಿತು, ಅವಳ ಬಾಯ ರಕ್ತ ಅವನ ಬಿಳಿ ಅಂಗಿಯ ತೋಳಿಗೆ ಮೆತ್ತಿತು. ಈಗ ಹಿಡಿಯಿತು ನನಗೂ ಎಂದುಕೊಂಡ. ಬಿಟ್ಟು ಓಡಿಹೋಗಬೇಕು ಎನಿಸಿತು, ಬಿಡಲಿಲ್ಲ.

ಮುಂದೆ ಹೂವಪ್ಪ, ಹಿಂದೆ ಉಪದೇಶಿ. ದುಡಿದು ಗೊತ್ತಿಲ್ಲದ ಹೆಗಲು ಅದು, ಊರ ಬಾಗಿಲು ದಾಟುವ ಮೊದಲೇ ಉರಿಯತೊಡಗಿತು. ಜಟ್ಟಪ್ಪ ತನ್ನ ಅಂಗಳದಲ್ಲಿ ನಿಂತವನು ನಿಂತೇ ಇದ್ದ. ಕಾನಿನ ನೆರಳು ಶುರುವಾಯಿತು. ಪ್ರಾರ್ಥನೆ ಮಾಡೋಣವೆಂದರೆ ಆಶೀರ್ವಾದಪ್ಪನಿಗೆ ಕಲಿತದ್ದೊಂದೂ ಬಾಯಿಗೆ ಬರಲಿಲ್ಲ. ಸ್ವಾಮೀ, ನಡೆಸು. ಸ್ವಾಮೀ, ನಡೆಸು. ಹೆಜ್ಜೆಗೊಂದು ಸಲ ಅದನ್ನೇ ಹೇಳಿದ. ಹೆದರಿಕೆ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇತ್ತು, ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಕಾಲು ನಡೆಯುತ್ತಿತ್ತು! ಹೆದರಿಕೆ ಹೋದ ಮೇಲೆ ಕಾಲು ನಡೆಯುತ್ತದೆ ಎಂದು ಅವನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ. ಇದು ಯಾವ ಲೆಕ್ಕ? ಯಾವ ನಂಬಿಕೆ? ಯೋಚಿಸಲು ಉಸಿರು ಸಾಲಲಿಲ್ಲ.

ಮತ್ತಿಮರದ ಹತ್ತಿರ ಹೂವಪ್ಪ ನಿಂತುಬಿಟ್ಟ. ಹಿಂದೆ ಆಶೀರ್ವಾದಪ್ಪನೂ ನಿಲ್ಲಬೇಕಾಯಿತು. ಹೂವಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಹಾಕುತ್ತಾನೋ ಬಿಡುತ್ತಾನೋ, ಹಾಕಿದರೆ ತಾನೇನು ಹೇಳಬೇಕು, ಹಾಕದಿದ್ದರೆ ಏನು ಹೇಳಬೇಕು? ಇಬ್ಬರ ಎರಡು ಕೈಗಳೂ ಗಳುವಿನ ಮೇಲಿದ್ದವು. ಹೂವಪ್ಪ ಕಲ್ಲಿನ ಕಡೆ ನೋಡಿದ, ಜೋಲಿಯ ಕಡೆ ತಿರುಗಿ ನೋಡಿದ.

ಆಗ ಹಿಂದಿನಿಂದ ಎತ್ತಿನ ಗಂಟೆ ಕೇಳಿಸಿತು.

ಜಟ್ಟಪ್ಪ ಗಾಡಿ ಕಟ್ಟಿಕೊಂಡು ಬರುತ್ತಿದ್ದ. ಹತ್ತಿರ ಬಂದು ಹಾರಿ ಇಳಿದು, ಯಾರ ಮುಖವನ್ನೂ ನೋಡದೆ ಗಿಡದಿಂದ ಸೊಪ್ಪು ಮುರಿದ. ಒಂದು ಕೊನೆ ಕಲ್ಲಿನ ಮೇಲೆ ಇಟ್ಟು, "ಇದು ನಂದು," ಎಂದ. ಇನ್ನೂ ಎರಡು ಇಟ್ಟು, "ಇವು ನನ್ನೆತ್ತಿಂದು. ತಾಯಿ, ಇವ್ರಿಬ್ರ ಪಾಲಿಂದು ನನ್ ತಲೆ ಮ್ಯಾಲಿರ್ಲಿ. ಮಕ್ಳು ತಿಳೀದೆ ಮಾಡ್ಯಾರೆ," ಎಂದು ಕೈಮುಗಿದ. ಆಮೇಲೆ ಉಪದೇಶಿಯ ಕಡೆ ತಿರುಗಿದ. "ನಿಮ್ಮದು ಆಗ್ಲೇ ಐತಲ."

"ಇದೆ," ಎಂದ ಆಶೀರ್ವಾದಪ್ಪ. ಬೇರೆ ಏನೆನ್ನಲು ಸಾಧ್ಯವಿತ್ತು?

"ಇಳಿಸಿ ಅವ್ಳನ್ನ. ಹುಲ್ಲು ಹಾಸೀನಿ." ಜಟ್ಟಪ್ಪ ಜೋಲಿಯ ನಡುವಿಗೆ ಕೈ ಕೊಟ್ಟು ಗುಡ್ಡಮ್ಮನನ್ನು ಎತ್ತಿದ. ಅವಳನ್ನು ಮುಟ್ಟಿದ ಮೇಲೆ ಒಂದು ಗಳಿಗೆ ತನ್ನ ಅಂಗೈಯನ್ನೇ ನೋಡಿಕೊಂಡ. "ಹೆದರೋ ಮನ್ಷ ನೀವೇ ಮುಟ್ಟಿ ಹೊತ್ರಿ. ಇನ್ ನಂಗೇನು ದಾಡಿ," ಎಂದು ಗೊಣಗಿ ಎತ್ತುಗಳ ಹುರಿ ಹಿಡಿದ.

ಆಶೀರ್ವಾದಪ್ಪ ಗಾಡಿಯ ಹಿಂದೆ ನಡೆದ. ಜಟ್ಟಪ್ಪನ ಸೊಪ್ಪನ್ನು ಬೇಡ ಎನ್ನಬೇಕಾಗಿತ್ತೇ? ಆ ಸೊಪ್ಪಿನ ಜೊತೆ ಬಂದ ಗಾಡಿಯನ್ನು ದೇವರು ಕಳಿಸಿದ್ದು ಎನ್ನಬಹುದೇ? ಕೇಳಿದರೆ ಶಿವಮೊಗ್ಗದ ದೊಡ್ಡ ಪಾದ್ರಿಗಳು ಏನು ಹೇಳುತ್ತಾರೋ. ಅವನಿಗಂತೂ ಜಟ್ಟಪ್ಪನ ಕಾಲು ಮುಟ್ಟಬೇಕು ಎನ್ನುವಷ್ಟು ಪ್ರೀತಿ ಬಂದಿತ್ತು, ಅದನ್ನು ಪಾಪ ಎಂದುಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ.

ಉಳವಿಯಲ್ಲಿ ಸೊರಬದ ಬಸ್ಸು ಸಿಕ್ಕಿತು. ಜ್ವರದ ಹೆಂಗಸೆಂದು ತಿಳಿದ ಕೂಡಲೆ ಅದರ ಕಂಡಕ್ಟರ್, ಬಂಗಾರಪ್ಪನಲ್ಲ ಇನ್ನೊಬ್ಬ, ಆಗದು ಎಂದ. ಜಟ್ಟಪ್ಪ ಗಾಡಿಯನ್ನು ಬಸ್ಸಿನ ಮೂತಿಗೆ ಅಡ್ಡ ನಿಲ್ಲಿಸಿ, ಹತ್ತಿಸಿಕೊಂಡರೆ ದಾರಿ, ಇಲ್ಲದಿದ್ದರೆ ಇಲ್ಲ ಎಂದು ಬೀಡಿ ಹಚ್ಚಿದ. ಜನ ಎದ್ದು ಮುಂದಿನ ಸೀಟುಗಳಿಗೆ ಒತ್ತೊತ್ತಾಗಿ ಹೋಗಿ ಸೇರಿಕೊಂಡರು, ಮಕ್ಕಳ ಮೂಗಿಗೆ ಸೆರಗು ಮುಚ್ಚಿದರು. ಆಶೀರ್ವಾದಪ್ಪನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬೆಳಿಗ್ಗೆಯ ಬಸ್ಸಿನಲ್ಲಿ ಇಂಥವಳು ಹತ್ತಿದ್ದರೆ ಎಲ್ಲರಿಗಿಂತ ಮೊದಲು ಮುಂದಕ್ಕೆ ಓಡುತ್ತಿದ್ದವನು ತಾನೇ.

ಹಿಂದಿನ ಉದ್ದ ಸೀಟಿನಲ್ಲಿ ಗುಡ್ಡಮ್ಮನನ್ನು ಮಲಗಿಸಿದರು. ಕಾಲ ಕಡೆ ಹೂವಪ್ಪ ಕೂತ, ತಲೆಯ ಕಡೆ ಉಪದೇಶಿ. ಬಸ್ಸು ಕುಲುಕಿದಾಗ ತಲೆ ಜಾರದಿರಲೆಂದು ಅವನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಹೂವಪ್ಪ ಬಸ್ಸು ಹೊರಟ ಕೂಡಲೆ ಕಿಟಕಿಗೆ ತಲೆ ಆನಿಸಿ, ಕೂತಲ್ಲೇ ನಿದ್ದೆ ಹೋದ. ಸ್ವಲ್ಪ ದೂರ ಹೋದ ಮೇಲೆ ಗುಡ್ಡಮ್ಮ ಕಣ್ಣು ಬಿಟ್ಟಳು.

"ಅಯ್ಯೋರೆ."

"ಸುಮ್ನೆ ಮಲಕ್ಕಳಮ್ಮ. ಸೊರಬ ಬಂತು."

"ನೀವು ಅಂಗಳದಲ್ಲಿ ಹೇಳಿದ್ದು ಕೇಳ್ತು. ಸೊಪ್ಪು ಹಾಕ್ದೆ ಅಂದ್ರಲ." ಅವಳ ದನಿ ಒಣಗಿತ್ತು, ನಡುನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು. "ನಿಜವಾ? ನೀವೂ ಹೆದರ್ತೀರಾ?"

ಆಶೀರ್ವಾದಪ್ಪನ ಮುಖ ಸಣ್ಣದಾಯಿತು. "ನಿಜ ಕಣಮ್ಮ. ಈಗ್ಲೂ ಹೆದರ್ತಾ ಇದೀನಿ."

ಗುಡ್ಡಮ್ಮನ ಕಣ್ಣ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. "ನಾನು ದಿನಾ ಹೆದರ್ತಿದ್ದೆ ಅಯ್ಯೋರೆ. ನೀರಿಗೆ ಹೋದ್ರೂ ಹೆದರಿಕೆ, ಸೌದೆಗೆ ಹೋದ್ರೂ ಹೆದರಿಕೆ. ಸೊಪ್ಪು ಹಾಕ್ಲಿಲ್ಲ, ಆದ್ರೆ ಹೆದರಿಕೆ ಬಿಡ್ಲಿಲ್ಲ. ಹೆದರೋರ ನಂಬ್ಕೆ ತೂತು ಅಂತ ನೀವು ಹೇಳಿದ್ರಿ. ಹಂಗಾರೆ ನನ್ನ ದೇವ್ರು ಸೇರ್ಸ್ಕಂಡಿಲ್ಲ, ಚೌಡಿನೂ ಬಿಟ್ಟಾಕಿದ್ಲು, ಸತ್ರೆ ನಾನು ಯಾರ ಕಡೆಗೂ ಇಲ್ದೋಳು ಅಂತ ಗೋಡೆ ನೋಡ್ಕಂಡು ಮಲಗಿದ್ದೆ. ಇವ್ರಿಗೂ ಹೇಳ್ಲಿಲ್ಲ. ನಾನೊಬ್ಳೇ ಹಿಂಗೆ ಅಂದ್ಕಂಡಿದ್ದೆ."

ಬೆರಳೆತ್ತಿ ಹೇಳಿದ ಒಂದೊಂದು ಪ್ರಸಂಗವೂ ಎಲ್ಲಿಗೆ ಹೋಗಿ ತಲುಪಿತ್ತು ಎಂದು ಆಶೀರ್ವಾದಪ್ಪನಿಗೆ ಆಗ ಗೊತ್ತಾಯಿತು. ಏನಾದರೂ ಹೇಳಬೇಕು, ಯಾವುದಾದರೂ ವಾಕ್ಯ, ಒಂದೇ ಒಂದು. ತಲೆಯಲ್ಲಿ ಏನೂ ಇರಲಿಲ್ಲ.

ಅವಳು ಕೈ ಮೇಲೆತ್ತಿ ಅವನ ತೋಳನ್ನು ತಡಕಿ ಹಿಡಿದುಕೊಂಡಳು. ಸುಡುವ ಕೈ. "ಹೇಳಿ ಅಯ್ಯೋರೆ. ಹೆದರೋರನ್ನ ಸೇರ್ಸ್ಕಂತಾನಾ?"

ಅವನು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡ. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು, ಅವನಿಗೆ ಅದು ಕಾಣಲಿಲ್ಲ.

"ಸೇರಿಸ್ಕೊಂತಾನೆ ಕಣವ್ವಾ," ಎಂದ, ಅಳುತ್ತ. "ನನ್ನನ್ನೇ ಸೇರಿಸ್ಕೊಂಡಿದಾನೆ."